ಒಂದೇ ಹಲಸಿನ ತುಂಡಿನ ಎರಡು ಜೀಪು

1976ರ ಜೂನ್ ತಿಂಗಳಲ್ಲಿ ನಾನು ಪುತ್ತೂರು ತಾಲೂಕಿನ ಕಡಬದ ಕಡೆಯ ಒಂದು ಉಪಕೇಂದ್ರಕ್ಕೆ ಎ.ಎನ್.ಎಂ. ಆಗಿ ಹೋದೆ. ಎ.ಎನ್.ಎಂ. ಎಂದರೆ ಹೆರಿಗೆ ಮಾಡಿಸುವ, ಚುಚ್ಚುಮದ್ದು ಹಾಕುವ, ಉಳಿದ ದಿನಗಳಲ್ಲಿ ಮನೆಮನೆಗೆ ನಡೆಯುವ ಸರಕಾರಿ ದಾದಿ. ಆಲಂಕಾರಿನಿಂದ ಒಳಕ್ಕೆ ಹೋಗುವ ಮಣ್ಣುರಸ್ತೆಯ ಬದಿಯಲ್ಲಿ ಹಂಚಿನ ಎರಡು ಕೋಣೆ. ಮುಂದಿನದು ಉಪಕೇಂದ್ರ, ಹಿಂದಿನದು ನನ್ನ ಮನೆ. ಹಿತ್ತಲಲ್ಲಿ ಬಚ್ಚಲು, ಅದಕ್ಕೆ ತಾಗಿ ಸೌದೆ ಒಟ್ಟುವ ಮಾಡು. ಊರಿನ ಹೆಸರನ್ನು ಬರೆಯುವುದಿಲ್ಲ. ನಾನು ಹೇಳಹೊರಟವರು ಈಗಲೂ ಅಲ್ಲೇ ಇದ್ದಾರೆ.

ನಾನು ಬರುವ ಮೊದಲು ಆ ಹುದ್ದೆ ಎರಡು ವರ್ಷ ಖಾಲಿ ಇತ್ತು. ಬಂದ ಮೊದಲ ವಾರ ಜನ ನನ್ನನ್ನು ನೋಡಲಿಕ್ಕೆಂದೇ ಬರುತ್ತಿದ್ದರು, ಕಾಯಿಲೆ ಏನೂ ಇರಲಿಲ್ಲ. ‘ಇವಳಾದ್ರೂ ನಿಲ್ತಾಳಾ’ ಎಂದು ಒಬ್ಬ ಅಜ್ಜಿ ನನ್ನ ಎದುರೇ ಇನ್ನೊಬ್ಬಳ ಹತ್ತಿರ ಕೇಳಿದ್ದು ನೆನಪಿದೆ. ನಾನು ಮಂಗಳೂರಿನ ಕಡೆಯವಳು. ಗಂಡ ಸುಳ್ಯದಲ್ಲಿ ಮೇಷ್ಟ್ರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಮರುವರ್ಷ ಮಗಳು ವೀಣಾ ಹುಟ್ಟಿದಳು. ನಿಂತೆ.

ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾಗಿದ್ದದ್ದು ಮನೆ ಭೇಟಿಯ ರಿಜಿಸ್ಟರು. ಉದ್ದನೆಯ ಪುಸ್ತಕ. ಎಡಬದಿಯಲ್ಲಿ ಮನೆ ನಂಬರು, ಯಜಮಾನನ ಹೆಸರು. ಬಲಕ್ಕೆ ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ. ತಿಂಗಳಿಗೊಮ್ಮೆ ಪ್ರತಿ ಮನೆಗೆ ಹೋಗಬೇಕು, ಹೋದ ತಾರೀಕು ಹಾಕಿ ಅಲ್ಲಿ ಕಂಡದ್ದನ್ನು ಒಂದು ಸಾಲಿನಲ್ಲಿ ಬರೆಯಬೇಕು. ಜ್ವರ ಯಾರಿಗೆ, ಗರ್ಭಿಣಿ ಯಾರು, ಮಗುವಿಗೆ ಎಷ್ಟನೇ ಚುಚ್ಚುಮದ್ದು. ನನ್ನ ಅಕ್ಷರ ಚೆನ್ನಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ನನ್ನ ರಿಜಿಸ್ಟರನ್ನು ಬೇರೆ ಎ.ಎನ್.ಎಂ.ಗಳಿಗೆ ತೋರಿಸುತ್ತಿದ್ದರು.

ಮನೆ ನಂಬರ್ 41 ಬಾಬು ಆಚಾರಿಯವರದು. ಮರಗೆಲಸದವರು. ಉಪಕೇಂದ್ರದಿಂದ ಗುಡ್ಡದ ಕಾಲುದಾರಿಯಲ್ಲಿ ಇಪ್ಪತ್ತು ನಿಮಿಷ. 1978ರ ಜನವರಿಯಲ್ಲಿ ಅವರ ಹೆಂಡತಿ ಕುಸುಮನಿಗೆ ಚೊಚ್ಚಲ ಹೆರಿಗೆ. ಬೆಳಿಗ್ಗೆ ಕರೆ ಬಂತು, ಹೋದೆ. ಮಧ್ಯಾಹ್ನವಾದರೂ ಮಗುವಿನ ತಲೆ ಕೆಳಗಿಳಿಯಲಿಲ್ಲ. ಕುಸುಮ ಗಿಡ್ಡ ಹೆಂಗಸು, ಸೊಂಟದ ಎಲುಬಿನ ನಡುವಿನ ದಾರಿ ಇಕ್ಕಟ್ಟು. ಇನ್ನು ಕಾಯುವುದು ಬೇಡ ಎಂದೆ. ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ರಸ್ತೆಗೆ ತಂದರು. ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಪುತ್ತೂರು ಮುಟ್ಟುವವರೆಗೂ ಬಿಡದೆ ಹಿಡಿದ ಅವಳ ಕೈ ನನ್ನ ಕೈಯಲ್ಲಿ. ಸಿಸೇರಿಯನ್ ಆಯಿತು. ಹೆಣ್ಣು ಮಗು. ಶಶಿ ಎಂದು ಹೆಸರಿಟ್ಟರು.

ಬಿಡುಗಡೆಯ ಚೀಟಿಯಲ್ಲಿ ಆಸ್ಪತ್ರೆಯ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು, ಮುಂದಿನ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದು. ಅದರ ಅರ್ಥವನ್ನು ನಾನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ. ಗರ್ಭಕೋಶಕ್ಕೆ ಹೊಲಿಗೆ ಬಿದ್ದಿದೆ. ಮನೆಯಲ್ಲಿ ಬೇನೆ ತಿಂದರೆ ಆ ಹೊಲಿಗೆ ಬಿಟ್ಟುಕೊಳ್ಳಬಹುದು. ಬಿಟ್ಟುಕೊಂಡರೆ ಮಗು ಉಳಿಯುವುದು ಕಷ್ಟ, ತಾಯಿಯೂ ಕಷ್ಟ. ‘ತಿಂಗಳಿಗೊಮ್ಮೆ ನಾನು ಹೇಗೂ ಬರುತ್ತೇನೆ. ಮುಟ್ಟು ನಿಂತ ಕೂಡಲೇ ಹೇಳಿ. ದಿನ ನಾನು ಲೆಕ್ಕ ಹಾಕುತ್ತೇನೆ. ಅದಕ್ಕೆ ಎರಡು ವಾರ ಮೊದಲೇ ಪುತ್ತೂರಿಗೆ ಹೋಗಿ ಕೂತುಕೊಳ್ಳಬೇಕು’ ಎಂದೆ.

‘ನೀವು ಹೇಳಿದ ದಿನ ಹೊರಡುದು ಸಿಸ್ಟರ್’ ಎಂದರು ಬಾಬು ಆಚಾರಿ. ‘ನಮಗೆ ಉಳಿ ಹಿಡಿಯುದು ಗೊತ್ತುಂಟು, ಇದೆಲ್ಲ ಎಂತ ಗೊತ್ತು?’

1979ರ ಅಕ್ಟೋಬರ್‌ನಲ್ಲಿ ಒಂದು ದಿನ ಇಲಾಖೆಯ ಜೀಪು ಚುಚ್ಚುಮದ್ದಿನ ಪೆಟ್ಟಿಗೆ ತಂದು ನಮ್ಮ ಅಂಗಳದಲ್ಲಿ ನಿಂತಿತ್ತು. ನಾನು ಒಳಗೆ ಸೂಜಿ ಕುದಿಸುತ್ತಿದ್ದೆ. ಹೊರಗೆ ನಗು ಕೇಳಿ ನೋಡಿದರೆ, ಬಾಬು ಆಚಾರಿ ಜೀಪಿನ ಚಕ್ರದ ಎದುರು ಕುಕ್ಕರುಗಾಲಿನಲ್ಲಿ ಕೂತು ನೂಲಿನಲ್ಲಿ ಅಳತೆ ತೆಗೆಯುತ್ತಿದ್ದರು.

‘ಎಂತ ಆಚಾರ್ರೆ, ಜೀಪು ತಕ್ಕೊಳ್ಳುವ ಅಂದಾಜುಂಟಾ?’ ಎಂದು ಡ್ರೈವರು ಕೇಳಿದ.

‘ತಕ್ಕೊಳ್ಳುದಲ್ಲ, ಮಾಡುದು’ ಎಂದರು ಆಚಾರಿ. ‘ನಿಮ್ಮದು ಒಂದು ಚಕ್ರ ಸ್ವಲ್ಪ ಓರೆ ಉಂಟು, ನೋಡಿಸಿ.’

ಅವರು ಮಾಡುತ್ತಿದ್ದದ್ದು ನವೆಂಬರ್ ಮೊದಲ ವಾರ ಗೊತ್ತಾಯಿತು. ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಒಂದು ಗೇಣು ನಾಲ್ಕು ಬೆರಳು ಉದ್ದದ ಮರದ ಜೀಪು. ಹಲಸಿನ ತಿರುಳಿನ ಹಳದಿ ಬಣ್ಣ. ಬಾನೆಟ್ಟಿನ ಸೀಳುಗಳನ್ನು ಸಣ್ಣ ಉಳಿಯಲ್ಲಿ ಒಂದೊಂದಾಗಿ ಕೆತ್ತಿದ್ದರು. ಹಿಂದೆ ಹೆಚ್ಚುವರಿ ಚಕ್ರ ಕೂಡ ಇತ್ತು, ಅದೂ ತಿರುಗುತ್ತಿತ್ತು. ಅಚ್ಚಿಗೆ ಬಿದಿರಿನ ಕಡ್ಡಿ. ಮಳೆಗಾಲದಲ್ಲಿ ಮರ ಉಬ್ಬಿ ಚಕ್ರ ಹಿಡಿಯಬಾರದೆಂದು ತೂತನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟಿದ್ದಾರಂತೆ. ಮೂಲೆಗಳನ್ನೆಲ್ಲ ಗರಗತ್ತಿಯ ಒರಟು ಎಲೆಯಿಂದ ಮೂರು ಸಂಜೆ ಉಜ್ಜಿದ್ದಾರೆ. ಕೆನ್ನೆಗೆ ಒತ್ತಿ ನೋಡಿದರೂ ಚುಚ್ಚುತ್ತಿರಲಿಲ್ಲ. ಚಕ್ರಗಳು ಮಾತ್ರ ಕರ್ರಗೆ ಮಿರಿಮಿರಿ. ‘ಅಂಗಡಿಯ ಪೈಂಟು ಹಾಕ್ಲಿಲ್ಲ, ಮಕ್ಕಳು ನೆಕ್ಕುತ್ತವೆ. ಹೊನ್ನೆಣ್ಣೆಯಲ್ಲಿ ದೀಪದ ಮಸಿ ಕಲಸಿದ್ದು’ ಎಂದರು.

ಜೀಪಿನೊಳಗೆ ಎರಡು ಗೂಟದ ಬೊಂಬೆ. ಮುಂದಿನದಕ್ಕೆ ಖಾಕಿ ಬಣ್ಣ. ಹಿಂದಿನದಕ್ಕೆ ಶೇಡಿಮಣ್ಣಿನ ಬಿಳಿ.

‘ಇದೆಂತ ಆಚಾರ್ರೆ, ಹಿಂದೆ ಕೂತದ್ದು ಭೂತವಾ?’

‘ಅಯ್ಯೊ ಸಿಸ್ಟರ್, ಅದು ನೀವು.’

‘ನಾನು ಇಷ್ಟು ದಪ್ಪ ಉಂಟಾ?’

‘ಮರದಲ್ಲಿ ಸಪೂರ ಮಾಡಿದ್ರೆ ಮುರೀತದೆ’ ಎಂದು ನಕ್ಕರು. ಹೊರಡುವಾಗ ಹೇಳಿದರು: ‘ಇಂಥದ್ದೇ ಇನ್ನೊಂದು ಮನೆಯಲ್ಲುಂಟು. ಒಂದೇ ತುಂಡನ್ನು ಸೀಳಿ ಎರಡು ಮಾಡಿದ್ದು. ಒಂದು ಶಶಿಗೆ, ಒಂದು ವೀಣಾನಿಗೆ. ಒಂದೇ ಎಣ್ಣೆ, ಒಂದೇ ಮಸಿ.’

ಈ ಕೊನೆಯ ಮಾತನ್ನು ನಾನು ಕಿವಿಯಿಂದ ಕೇಳಿಸಿಕೊಂಡಿದ್ದೆ, ಅಷ್ಟೆ.

ವೀಣಾನಿಗೆ ಆಗ ಎರಡು ಮುಕ್ಕಾಲು ವರ್ಷ. ಜೀಪನ್ನು ಅವಳು ಕೆಳಗಿಡಲಿಲ್ಲ. ಅನ್ನ ಅದರಲ್ಲಿ, ನಿದ್ದೆ ಅದರ ಜೊತೆ. ನಾನು ಬಚ್ಚಲಲ್ಲಿ ಬಟ್ಟೆ ಒಗೆಯುವಾಗ ಅವಳು ಹಿತ್ತಲಲ್ಲಿ ಅದನ್ನು ಎಲ್ಲೆಲ್ಲೋ ಓಡಿಸುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಏಳುವಾಗ ಅವಳ ಒಂದು ಕಣ್ಣು ಊದಿ ಮುಚ್ಚಿತ್ತು. ಅಂಗೈ, ಮೊಣಕಾಲು, ಬಲಗೆನ್ನೆ ಎಲ್ಲ ಕೆಂಪಾಗಿ, ಮಧ್ಯಾಹ್ನದ ಹೊತ್ತಿಗೆ ನೀರುಗುಳ್ಳೆ ಎದ್ದವು. ಮಗು ಕೆರೆದುಕೊಂಡು ಅಳುವುದನ್ನು ನೋಡಲಾಗುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಚಿಕ್ಕಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದವರು. ಗೇರಿನ ಸಿಪ್ಪೆಯ ಎಣ್ಣೆ ತಾಗಿ ಅವರ ಬೆರಳುಗಳ ಚರ್ಮ ಸುಲಿದು ಹೋದದ್ದನ್ನು ನಾನು ಚಿಕ್ಕವಳಿರುವಾಗಲೇ ಕಂಡಿದ್ದೆ. ಹಾಗಾಗಿ ಗುಳ್ಳೆ ನೋಡಿದ ತಕ್ಷಣ ನನ್ನ ಮನಸ್ಸು ಆ ಎಣ್ಣೆಗೇ ಹೋಯಿತು. ಗೆದ್ದಲು ಹಿಡಿಯದಂತೆ ಮನೆಯ ಹಂಚು ಹೊರುವ ಪಕ್ಕಾಸು ಮರಗಳಿಗೆ ಗೇರೆಣ್ಣೆ ಬಳಿಯುವುದು ಊರಿನ ಮರಗೆಲಸದವರ ರೂಢಿ. ಕಪ್ಪು, ಮಿರಿಮಿರಿ. ಜೀಪಿನ ಚಕ್ರವೂ ಕಪ್ಪು, ಮಿರಿಮಿರಿ. ಮತ್ತೆ ಯೋಚಿಸುವ ಅಗತ್ಯ ನನಗೆ ಕಾಣಲಿಲ್ಲ.

ಬಾಬು ಆಚಾರಿ ಆಗ ಊರಿನ ಒಬ್ಬ ದೊಡ್ಡ ಯಜಮಾನರ ಹೊಸ ಮನೆಗೆ ಛಾವಣಿಯ ಮಾಡು ಕಟ್ಟುತ್ತಿದ್ದರು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಅಲ್ಲಿಗೇ ಹೋದೆ. ಅಂಗಳದಲ್ಲಿ ಏಳೆಂಟು ಆಳುಗಳು, ಯಜಮಾನರು, ಅವರ ಬಸುರಿ ಸೊಸೆ. ಪಕ್ಕಾಸಿನ ರಾಶಿಯ ಪಕ್ಕ ಗೇರೆಣ್ಣೆಯ ಡಬ್ಬ ಬಾಯಿ ತೆರೆದು ನಿಂತಿತ್ತು. ನನಗೆ ಅಷ್ಟು ಸಾಕಾಯಿತು.

‘ಮಗುವಿಗೆ ಕೊಡುವ ವಸ್ತುವಿಗೆ ಇದನ್ನು ಬಳಿಯುದಾ? ಅಷ್ಟೂ ಬುದ್ಧಿ ಬೇಡ್ವಾ ನಿಮಗೆ?’ ಎಂದೆ.

ಅವರು ಏಣಿಯಿಂದ ಇಳಿದು ಬಂದರು. ಮೊದಲು ಮಗುವಿನ ಕೈಯನ್ನೇ ತಿರುಗಿಸಿ ನೋಡಿದರು. ‘ನಾನು ಗೇರೆಣ್ಣೆ ಹಾಕ್ಲಿಲ್ಲ ಸಿಸ್ಟರ್. ಇದು ಚೇರೆ ತಾಗಿದ ಹಾಗೆ ಕಾಣ್ತದೆ. ಹಿತ್ತಲಲ್ಲಿ ಚೇರೆ ಮರ ಉಂಟಾ ನೋಡಿ. ಒಮ್ಮೆ ತಾರೆ ಮರಕ್ಕೆ ಸುತ್ತು ಬರಿಸಿ, ತಾರೆಯ ಕೆತ್ತೆ ಅರೆದು ಹಚ್ಚಿ.’

ಚೇರೆ ಎಂದರೆ ಕಾಡಿನ ಒಂದು ಮರ, ಅದರ ಸೊನೆ ಮೈಗೆ ತಾಗಿದರೆ ಚರ್ಮ ಊದಿ ಗುಳ್ಳೆ ಏಳುತ್ತದೆ. ಹಾಗಾದರೆ ತಾರೆ ಮರಕ್ಕೆ ಪ್ರದಕ್ಷಿಣೆ ಬಂದು ಅದರ ತೊಗಟೆಯ ಮದ್ದು ಮಾಡುವುದು ಆ ಕಡೆಯವರ ಕ್ರಮ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ‘ಮರ ಸುತ್ತುವ ಮದ್ದು ನನಗೆ ಕಲಿಸುದು ಬೇಡ. ನಾನು ಸರಕಾರದ ತರಬೇತಿ ಆದವಳು. ತಪ್ಪು ಮಾಡಿದ್ರೆ ಮಾಡಿದೆ ಅಂತ ಹೇಳಿ’ ಎಂದೆ. ಆಳುಗಳಲ್ಲಿ ಯಾರೋ ನಕ್ಕರು. ನಕ್ಕದ್ದು ಅವರನ್ನು ನೋಡಿಯೋ ನನ್ನನ್ನು ನೋಡಿಯೋ ಗೊತ್ತಿಲ್ಲ.

ಬಾಬು ಆಚಾರಿ ಏಣಿಯ ಕಡೆಗೆ ತಿರುಗಿದರು. ಯಜಮಾನರು ಮಾತಾಡಿದರು: ‘ಹಾಗಾದ್ರೆ ನಮ್ಮ ತೊಟ್ಟಿಲಿನ ಕೆಲಸ ಬೇಡ ಮಾರಾಯ. ಮಾಡು ಮುಗಿಸು, ಸಾಕು.’ ಸೊಸೆಯ ಹೆರಿಗೆಗೆಂದು ಅವರೇ ತೊಟ್ಟಿಲಿಗೆ ಹೇಳಿದ್ದರಂತೆ. ಹಲಗೆ ಆಗಲೇ ಸೀಳಿ ಆಗಿತ್ತು. ಆಮೇಲೆ ಆ ಊರಿನಲ್ಲಿ ತೊಟ್ಟಿಲು, ಮಕ್ಕಳ ಗಾಡಿ ಯಾವುದಕ್ಕೂ ಯಾರೂ ಅವರನ್ನು ಕರೆಯಲಿಲ್ಲ. ಬಾಗಿಲು, ಮಾಡಿಗೆ ಮಾತ್ರ ಕರೆದರು. ತೊಟ್ಟಿಲು, ಮಕ್ಕಳ ಗಾಡಿಯೇ ಅವರ ಕೈಯ ಅತ್ಯುತ್ತಮ ಕೆಲಸ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಸಂಜೆ ಜೀಪನ್ನು ಬಚ್ಚಲ ಒಲೆಗೆ ಹಾಕಿದೆ. ಹಲಸು ಬೇಗ ಉರಿಯುವುದಿಲ್ಲ. ಎರಡು ಸಲ ಊದಬೇಕಾಯಿತು. ವೀಣಾ ಒಂದೇ ಕಣ್ಣಿನಲ್ಲಿ ನೋಡುತ್ತಾ ನಿಂತಿದ್ದಳು.

ಗುಳ್ಳೆ ಒಣಗಿತು. ಒಣಗಿದ್ದರಿಂದ ನಾನು ಹೇಳಿದ್ದೇ ಸರಿ ಎಂದಾಯಿತು. ಡಿಸೆಂಬರ್, ಜನವರಿಯ ಭೇಟಿಯಲ್ಲಿ 41ರ ಅಂಗಳಕ್ಕೆ ಕಾಲಿಡದೆ ಬೇಲಿಯ ಹೊರಗಿನಿಂದಲೇ ಕುಸುಮನನ್ನು ವಿಚಾರಿಸಿ ಬಂದೆ.

1980ರ ಜನವರಿ ಕೊನೆಯಲ್ಲಿ ಮಗುವಿಗೆ ಮತ್ತೆ ಊದಿತು. ಈ ಸಲ ನನ್ನ ಮುಂಗೈಗೂ. ಮನೆಯಲ್ಲಿ ಜೀಪು ಇಲ್ಲ, ಗೇರೆಣ್ಣೆ ಇಲ್ಲ. ಪಕ್ಕದ ಮನೆಯ ಪದ್ದಕ್ಕ ಹಾಲು ಕೊಡಲು ಬಂದವರು ನೋಡಿದರು. ಆಕೆ ನವೆಂಬರ್‌ನಲ್ಲಿ ಮಗಳ ಬಾಣಂತನಕ್ಕೆಂದು ನೆಟ್ಟಣಕ್ಕೆ ಹೋಗಿದ್ದರು, ಮೊದಲ ಸಲದ್ದನ್ನು ಕಂಡಿರಲಿಲ್ಲ. ನೇರ ಹಿತ್ತಲಿಗೆ ಹೋಗಿ ಸೌದೆಯ ರಾಶಿಯ ಎದುರು ನಿಂತರು.

‘ಈ ಚೇರೆಯನ್ನು ಯಾರು ತಂದು ಹಾಕಿದ್ದು ಮಾರಾಯ್ತಿ? ನೋಡು, ಕಡಿದಲ್ಲಿ ಕರಿ ಕಟ್ಟಿದೆ. ಮಗು ಇದರ ಮೇಲೆ ಕೂತು ಆಡುದಾ?’

ಗಾಡಿಯವನು ಹಾಕಿಹೋದ ಸೌದೆಯಲ್ಲಿ ಆರೇಳು ತುಂಡು ಚೇರೆ. ವೀಣಾ ಜೀಪು ಓಡಿಸುತ್ತಿದ್ದುದು ಇದೇ ರಾಶಿಯ ಮೇಲೆ. ಅದು ಅವಳ ಘಟ್ಟದ ರಸ್ತೆ.

ಪದ್ದಕ್ಕ ನನ್ನನ್ನು ಕೇಳದೆ ಮಗುವನ್ನು ಕರೆದುಕೊಂಡು ಹೋಗಿ ತಾರೆ ಮರಕ್ಕೆ ಸುತ್ತು ಬರಿಸಿದರು. ನಾನು ಕ್ಯಾಲಮೈನ್ ಹಚ್ಚಿದೆ. ವಾರದಲ್ಲಿ ಗುಣವಾಯಿತು. ಹಾಲಿನ ಪಾತ್ರೆ ತೊಳೆದುಕೊಡುವಾಗ ಪದ್ದಕ್ಕ ಹೇಳಿದರು: ‘ಇನ್ನು ಆಚಾರಿಯ ಹತ್ರ ಹೋಗಿ ಒಂದು ಮಾತು ಹೇಳಿ ಬಾ. ನಾಲ್ಕು ಜನರ ಎದುರು ಹೇಳಿದ್ದಲ್ವಾ ನೀನು.’

‘ನಾಳೆ ಹೋಗ್ತೇನೆ ಪದ್ದಕ್ಕ’ ಎಂದೆ.

ಮರುದಿನ ಹೊರಟೆ ಕೂಡ. ಕಾಲುದಾರಿಯ ಅರ್ಧದಲ್ಲಿ, ಏನು ಹೇಳುವುದು ಎಂದು ಯೋಚನೆ ಬಂತು. ಸೌದೆಯದು ಎಂದು ಹೇಳುವುದೋ, ತಪ್ಪಾಯಿತು ಎಂದು ಹೇಳುವುದೋ. ಜೀಪು ಎಲ್ಲಿ ಎಂದು ಅವರು ಕೇಳಿದರೆ? ಸುಟ್ಟೆ ಎನ್ನುವುದು ಹೇಗೆ? ಬೇರೆ ಮನೆಗೆ ತಿರುಗಿದೆ. ಸಂಜೆ ರಿಜಿಸ್ಟರು ಬರೆಯುವಾಗ 41ರ ಎದುರು ಫೆಬ್ರವರಿಯ ಕಾಲಂ ಖಾಲಿ ಕಂಡಿತು. ಖಾಲಿ ಬಿಟ್ಟರೆ ಡಾಕ್ಟರು ಕೇಳುತ್ತಾರೆ. ತಾರೀಕು ಹಾಕಿ ‘ಭೇಟಿ, ಕ್ಷೇಮ’ ಎಂದು ಬರೆದೆ. ಮುಂದಿನ ವಾರ ನಿಜಕ್ಕೂ ಹೋದರಾಯಿತು ಎಂದುಕೊಂಡೆ.

ಮಾರ್ಚ್‌ನಲ್ಲೂ ಬರೆದೆ. ಏಪ್ರಿಲ್‌ನಲ್ಲೂ. ಬರೆಯುವುದು ಮೊದಲ ಸಲವಷ್ಟೇ ಕಷ್ಟ. ಆಮೇಲೆ ಆ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತಲೂ ಇರಲಿಲ್ಲ. ಪಕ್ಕದ ಮನೆಗಳಿಗೆಲ್ಲ ನಿಜವಾಗಿ ಹೋಗುತ್ತಿದ್ದೆ. 40ರಿಂದ 42ಕ್ಕೆ ಹೋಗಲು ಗುಡ್ಡದ ಹಿಂದಿನಿಂದ ಸುತ್ತು ಬಳಸುವ ಇನ್ನೊಂದು ದಾರಿ ಇದೆ ಎಂದು ಆ ವರ್ಷ ಕಂಡುಕೊಂಡೆ.

ಜೂನ್‌ನಲ್ಲಿ ರೇಷನ್ ಅಂಗಡಿಯ ಸಾಲಿನಲ್ಲಿ ಒಬ್ಬ ಹೆಂಗಸು ಹೇಳಿದಳು: ‘ಆಚಾರಿಯ ಕುಸುಮನಿಗೆ ಪುನಃ ಹೊಟ್ಟೆ ಉಂಟು, ನಿಮಗೆ ಗೊತ್ತಿರಬೇಕಲ್ಲ ಸಿಸ್ಟರ್?’ ಗೊತ್ತು ಎಂದೆ. ಮನೆಗೆ ಬಂದು ರಿಜಿಸ್ಟರು ತೆರೆದೆ. ಜೂನ್ ಕಾಲಂನಲ್ಲಿ ಬರೆದದ್ದು ಇದು: ‘ಭೇಟಿ. ಗರ್ಭಿಣಿ. ಆಸ್ಪತ್ರೆ ಹೆರಿಗೆಗೆ ಸಲಹೆ ನೀಡಲಾಗಿದೆ.’ ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಅದನ್ನೇ ಬರೆದೆ. ಕೆಂಪು ಶಾಯಿಯ ಚೀಟಿ ಅವರ ಹತ್ತಿರ ಉಂಟಲ್ಲ, ತಾವೇ ಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ದಿನ ಲೆಕ್ಕ ಹಾಕುವವಳು ನಾನೆಂದು ಹೇಳಿದ್ದು ನಾನೇ ಎಂಬುದನ್ನು ನೆನಪಿಗೆ ತಂದುಕೊಳ್ಳಲಿಲ್ಲ.

ಅಕ್ಟೋಬರ್ ಮೊದಲ ವಾರದ ಒಂದು ಬುಧವಾರ. ಬೆಳಗಿನ ಹತ್ತು ಗಂಟೆ ಇರಬಹುದು. ಅಂಗಳದಲ್ಲಿ ತಾಯಂದಿರು ಮಕ್ಕಳನ್ನೆತ್ತಿಕೊಂಡು ಸಾಲು ನಿಂತಿದ್ದರು, ನನ್ನ ಕೈಯಲ್ಲಿ ಸಿರಿಂಜು ಇತ್ತು. ಮಣ್ಣುರಸ್ತೆಯಲ್ಲಿ ಬಾಡಿಗೆ ಜೀಪು ಬಂತು. ಉಪಕೇಂದ್ರದ ಎದುರು ನಿಲ್ಲುತ್ತದೆ ಎಂದುಕೊಂಡೆ; ಆ ರಸ್ತೆಯಲ್ಲಿ ರೋಗಿಯನ್ನು ಒಯ್ಯುವ ಜೀಪುಗಳೆಲ್ಲ ನಿಂತೇ ಹೋಗುತ್ತಿದ್ದವು. ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಕುಸುಮ ಮಲಗಿದ್ದಳು, ಮುಖ ಬೂದಿಯ ಬಣ್ಣ. ಅವಳ ತಲೆ ಬಾಬು ಆಚಾರಿಯ ತೊಡೆಯ ಮೇಲೆ. ಅವರು ನನ್ನನ್ನು ನೋಡಿದರು. ಕರೆಯಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಜೀಪನ್ನು ನೋಡಿ ಆಮೇಲೆ ನನ್ನನ್ನು ನೋಡಿದರು.

ಮರುದಿನ ಪುತ್ತೂರಿಗೆ ಹೋದೆ. ಹೊಲಿಗೆ ಬಿಟ್ಟುಕೊಂಡಿತ್ತು. ಮಗು, ಗಂಡು, ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಕುಸುಮನನ್ನು ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು ಎಂದು ಡಾಕ್ಟರು ಹೇಳಿದರು. ಶಶಿ ಮೊಲೆ ಬಿಡುವ ಮೊದಲೇ ಬಸಿರಾದ್ದರಿಂದ ಕುಸುಮನಿಗೆ ತಿಂಗಳ ಲೆಕ್ಕ ಸಿಕ್ಕಿರಲಿಲ್ಲ, ನವೆಂಬರ್ ಎಂದುಕೊಂಡಿದ್ದಳು. ಕೈಯಿಂದ ಹೊಟ್ಟೆ ಮುಟ್ಟಿ ನೋಡಿದ್ದರೆ ನಾನು ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ಆ ತರಬೇತಿ ನನಗಿತ್ತು.

ಹಾಸಿಗೆಯ ಪಕ್ಕ ನಿಂತೆ. ಕುಸುಮ ಕಣ್ಣು ತೆರೆದು ನೋಡಿದಳು.

‘ಇವರು ಬೇಡ ಅಂತ ಹೇಳ್ತಿದ್ರು. ನಾವೇ ಹೋಗಿ ಕೇಳುದು ಬೇಡ, ಸಿಸ್ಟರಿನ ಮೆಟ್ಟಿಲು ಇನ್ನು ಹತ್ತುದಿಲ್ಲ ಅಂತ’ ಎಂದಳು. ‘ನಾನು ಹೇಳಿದೆ, ಸಿಸ್ಟರ್ ಬರ್ತಾರೆ, ತಿಂಗಳಿಗೊಮ್ಮೆ ಬರುವವರಲ್ವಾ. ಪ್ರತಿ ತಿಂಗಳು ಕಾದೆ. ನೀವು 40ರ ಮನೆಗೆ ಬಂದದ್ದು ಗೊತ್ತಾಗ್ತಿತ್ತು, ಅಲ್ಲಿಯ ನಾಯಿ ಬೊಗಳ್ತದೆ.’

ಆಮೇಲೆ ಗೋಡೆಯ ಕಡೆಗೆ ತಿರುಗಿದಳು.

ಆಸ್ಪತ್ರೆಯಿಂದ ಪತ್ರ ಬಂದದ್ದರಿಂದ ವಿಚಾರಣೆ ಆಗಬೇಕಾಯಿತು. ಮೂರು ವಾರ ಕಳೆದು ನಮ್ಮ ಡಾಕ್ಟರು ಬಂದು, ನನ್ನನ್ನೂ ರಿಜಿಸ್ಟರನ್ನೂ ಕರೆದುಕೊಂಡು ಮನೆ ನಂಬರ್ 41ಕ್ಕೆ ನಡೆದರು. ಒಂದು ವರ್ಷದ ನಂತರ ಆ ಅಂಗಳಕ್ಕೆ ಕಾಲಿಟ್ಟೆ. ಡಾಕ್ಟರಿಗೆ ಜಗಲಿಯಲ್ಲಿ ಮಣೆ ಹಾಕಿದರು. ನಾನು ಅಂಗಳದಲ್ಲೇ ನಿಂತೆ. ಕುಸುಮ ಒಳಗೆ ಮಲಗಿದ್ದಳು.

ಶಶಿ ಜಗಲಿಯ ಮೆಟ್ಟಿಲಿನ ಮೇಲೆ ಆಡುತ್ತಿದ್ದಳು. ಕೈಯಲ್ಲಿ ಹಳದಿ ಜೀಪು. ಚಕ್ರದ ಕಪ್ಪು ಅಲ್ಲಲ್ಲಿ ಸವೆದು ಹಲಸಿನ ಬಣ್ಣ ಕಾಣುತ್ತಿತ್ತು, ಅಂದರೆ ಅಷ್ಟೂ ಮಸಿ, ಅಷ್ಟೂ ಎಣ್ಣೆ ಒಂದು ವರ್ಷದಲ್ಲಿ ಆ ಮಗುವಿನ ಕೈಗೆ ಬಾಯಿಗೆ ಹೋಗಿತ್ತು. ಅವಳ ಅಂಗೈ ನೋಡಿದೆ. ಕೆನ್ನೆ ನೋಡಿದೆ. ಒಂದು ಕಲೆ ಇರಲಿಲ್ಲ. ಹೋದ ವರ್ಷ ಆ ಮಧ್ಯಾಹ್ನ ನಾನು ಯಜಮಾನರ ಅಂಗಳಕ್ಕೆ ಹೋಗುವ ಬದಲು ಈ ಅಂಗಳಕ್ಕೆ ಬಂದಿದ್ದರೆ ಇದನ್ನು ಆಗಲೇ ನೋಡುತ್ತಿದ್ದೆ.

ಮಗು ನನಗೆ ಜೀಪನ್ನು ಎತ್ತಿ ತೋರಿಸಿ ಹಿಂದಿನ ಬಿಳಿ ಗೂಟದ ಮೇಲೆ ಬೆರಳಿಟ್ಟಳು. ‘ಇದು ಸಿಸ್ಟರ್’ ಎಂದಳು. ‘ಅಮ್ಮನ್ನು ಕರ್ಕೊಂಡು ಹೋಗುದು.’

ಡಾಕ್ಟರು ರಿಜಿಸ್ಟರು ತೆರೆದು ಗಟ್ಟಿಯಾಗಿ ಓದಿದರು. ಫೆಬ್ರವರಿ, ಭೇಟಿ. ಮಾರ್ಚ್, ಭೇಟಿ. ಜೂನ್, ಸಲಹೆ ನೀಡಲಾಗಿದೆ. ಎಂಟು ತಿಂಗಳು, ಎಂಟು ತಾರೀಕು, ನನ್ನ ಚೆಂದದ ಅಕ್ಷರ. ಬಾಬು ಆಚಾರಿ ಕಂಬಕ್ಕೆ ಒರಗಿ ಕೇಳುತ್ತಿದ್ದರು. ತಿಂಗಳಿನಿಂದ ತಿಂಗಳಿಗೆ ಅವರ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನೋಡಿದೆ. ಆಗಲಿಲ್ಲ.

‘ಇವರು ಬಂದು ಇದನ್ನೆಲ್ಲ ಹೇಳಿದ್ದು ಹೌದಾ?’ ಎಂದು ಡಾಕ್ಟರು ಕೇಳಿದರು.

ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿ ಎಂದೂ ಅನಿಸಿತ್ತು, ಸುಳ್ಳಲ್ಲ.

‘ಹೌದು’ ಎಂದರು ಅವರು.

‘ಮತ್ತೆ ಯಾಕೆ ಹೋಗ್ಲಿಲ್ಲ?’

‘ನಮ್ಮದೇ ತಪ್ಪು.’

ಡಾಕ್ಟರಿಗೆ ಸಿಟ್ಟು ಬಂತು. ಮನೆ ಬಾಗಿಲಿಗೆ ಬಂದು ನಾಲ್ಕು ಸಲ ಹೇಳಿದರೂ ಕೇಳದವರಿಗೆ ಸರಕಾರ ಎಂತ ಮಾಡುವುದು, ಒಂದು ಜೀವ ಹೋಯಿತಲ್ಲ ಎಂದು ಬೈದರು. ಒಳಗೆ ಮಲಗಿದ್ದವಳಿಗೆ ಕೇಳುವ ಹಾಗೆಯೇ ಬೈದರು. ಬಾಬು ಆಚಾರಿ ತಲೆ ತಗ್ಗಿಸಿ ಕೇಳಿಸಿಕೊಂಡರು. ವರದಿಯಲ್ಲಿ ‘ಕುಟುಂಬದ ನಿರ್ಲಕ್ಷ್ಯ’ ಎಂದು ಬರೆದು ಆಚಾರಿಯವರ ಸಹಿ ತೆಗೆದುಕೊಂಡರು. ಕೆಳಗೆ ಸಾಕ್ಷಿ ಎಂದು ನನ್ನ ಸಹಿ.

ಡಾಕ್ಟರು ಮುಂದೆ ಹೋದ ಮೇಲೆ ನಾನು ಹಿಂದೆ ನಿಂತೆ.

‘ಆಚಾರ್ರೆ, ಆ ಜೀಪಿನದ್ದು ನಿಮ್ಮ ತಪ್ಪಲ್ಲ. ಸೌದೆಯಲ್ಲಿ ಚೇರೆ ಇತ್ತು’ ಎಂದೆ.

‘ಗೊತ್ತುಂಟು’ ಎಂದರು. ‘ಪದ್ದಕ್ಕ ಜನವರಿಯಲ್ಲೇ ಬಂದು ನಮಗೆ ಹೇಳಿದ್ದಾರೆ. ನಿಮಗೆ ಗೊತ್ತಾದದ್ದೂ ನಮಗೆ ಗೊತ್ತುಂಟು.’

‘ಮತ್ತೆ ಈಗ ಯಾಕೆ ಹೌದು ಅಂದ್ರಿ?’

ಅವರು ಶಶಿಯ ಮೂಗು ಒರೆಸಿ, ಜೀಪಿನಿಂದ ಕಳಚಿಕೊಂಡಿದ್ದ ಒಂದು ಚಕ್ರವನ್ನು ಅಚ್ಚಿಗೆ ಒತ್ತಿ ಕೂರಿಸಿದರು. ‘ಇಲ್ಲ ಅಂದಿದ್ರೆ ನಿಮ್ಮನ್ನು ತೆಗೀತಾರೆ. ನಿಮಗಿಂತ ಮೊದಲು ಎರಡು ವರ್ಷ ಇಲ್ಲಿ ಯಾರೂ ಇರ್ಲಿಲ್ಲ. ಆ ಎರಡು ವರ್ಷದಲ್ಲಿ ನನ್ನ ತಂಗಿ ಹೋದದ್ದು, ಹೆರಿಗೆಯಲ್ಲಿ. 42ರ ಹುಡುಗಿ ಈಗ ಏಳು ತಿಂಗಳ ಬಸುರಿ. ನೀವು ಅಲ್ಲಿಗೆ ಸರಿಯಾಗಿ ಹೋಗ್ತೀರಂತೆ.’ ಜೀಪನ್ನು ಮಗುವಿನ ಕೈಗೆ ಕೊಟ್ಟು ಹೇಳಿದರು: ‘ನಿಮ್ಮ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ ಸಿಸ್ಟರ್.’

42ರ ಹುಡುಗಿಗೆ ಡಿಸೆಂಬರ್‌ನಲ್ಲಿ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾನು ಅಲ್ಲಿ ಇನ್ನೂ ಐದು ವರ್ಷ ಇದ್ದೆ. 41ಕ್ಕೆ ತಿಂಗಳು ತಪ್ಪದೆ ಹೋದೆ. ಹೋದಾಗ ನೀರು ಬೆಲ್ಲ ಕೊಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಕುಸುಮ ಎದುರು ಬರುತ್ತಿರಲಿಲ್ಲ. ಬರೆಯಲು ಆ ಮನೆಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ವೀಣಾ ಮಾತ್ರ ದೊಡ್ಡವಳಾದ ಮೇಲೂ ಒಮ್ಮೊಮ್ಮೆ ಕೇಳುತ್ತಿದ್ದಳು, ನನ್ನ ಹತ್ತಿರ ಒಂದು ಮರದ ಜೀಪು ಇತ್ತಲ್ಲ ಅಮ್ಮ, ಅದು ಏನಾಯಿತು ಎಂದು. ಮುರಿದುಹೋಯಿತು ಎಂದು ಹೇಳಿದ್ದೇನೆ.

ಈಗ ನಾನು ಹಿರಿಯ ಆರೋಗ್ಯ ಸಹಾಯಕಿ. ಹೊಸದಾಗಿ ಬರುವ ಹುಡುಗಿಯರಿಗೆ ರಿಜಿಸ್ಟರು ಬರೆಯುವುದನ್ನು ಕಲಿಸುವುದು ನನ್ನ ಕೆಲಸಗಳಲ್ಲಿ ಒಂದು. ಹೋಗದ ಮನೆಯ ಕಾಲಂ ಖಾಲಿ ಬಿಡಿ, ಬೈಗುಳ ತಿನ್ನಿ ಎನ್ನುತ್ತೇನೆ. ಖಾಲಿ ಕಾಲಂ ನೋಡಿದರೆ ಯಾರಾದರೂ ಒಬ್ಬರು ಯಾಕೆ ಎಂದು ಕೇಳುತ್ತಾರೆ, ತುಂಬಿದ ಕಾಲಂ ನೋಡಿ ಯಾರೂ ಕೇಳುವುದಿಲ್ಲ. ತಪ್ಪು ಗೊತ್ತಾದ ದಿನವೇ ನಡೆದುಹೋಗಿ ಹೇಳಿ ಬನ್ನಿ ಎಂದೂ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಯಾಕೆ ಹೇಳುತ್ತಿದ್ದೇನೆಂದು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

1980ರ ಆ ರಿಜಿಸ್ಟರು ಈಗ ಯಾವ ಕಪಾಟಿನಲ್ಲಿದೆಯೋ ತಿಳಿಯದು. ಇದ್ದರೆ ಅದರಲ್ಲಿ ಆ ವರ್ಷ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ನಾನು ಎಂಟು ಸಲ ಆ ಮನೆಗೆ ಹೋಗಿದ್ದೇನೆ, ನಾಲ್ಕು ಸಲ ಎಚ್ಚರಿಕೆ ಹೇಳಿದ್ದೇನೆ, ಅವರು ಕೇಳಲಿಲ್ಲ. ಇಪ್ಪತ್ತು ನಿಮಿಷದ ದಾರಿ.